ಚೆಂಡ್ಯಾನ ಜಾಗ

ಚೆಂಡ್ಯಾ ಸತ್ತ ದಿನ ಮನೆಯಲ್ಲಿ ಯಾರೂ ಅಳಬಾರದೆಂದು ಪಂಢರೀನಾಥ ಮಾಸ್ತರರು ಹುಕುಂ ಹೊರಡಿಸಿದರು. ಹುಕುಂ ಹೊರಡಿಸುವುದು ಅವರ ಕಸುಬೇ ಆಗಿತ್ತು. ಬಾದಾಮಿಯ ಸಾಲೆಯಲ್ಲಿ ಅವರ ಕೆಮ್ಮು ಕೇಳಿದರೆ ಸಾಕು, ಮಕ್ಕಳು ಕೈಕಟ್ಟಿ ಕೂಡುತ್ತಿದ್ದವು. ಮನೆಯಲ್ಲಿ ಮಾತ್ರ ಅವರು ಹೇಳಿದ್ದನ್ನು ಕೇಳುತ್ತಿದ್ದದ್ದು ಆ ನಾಯಿಯೊಂದೇ. ಈಗ ಅದೂ ಇರಲಿಲ್ಲ.

“ಸತ್ತದ್ದು ನಾಯಿ. ಮನಷ್ಯಾ ಅಲ್ಲ. ತಿಳೀತಿಲ್ಲೊ?”

“ನಾ ಎಲ್ಲಿ ಅಳಲಿಕ್ಕತ್ತೇನ್ರಿ?” ಹೆಂಡತಿ ಅನಸೂಯಾಬಾಯಿ ಒಲೆಯ ಕಡೆಯಿಂದ ಮುಖ ತಿರುಗಿಸದೆ ಹೇಳಿದರು. “ಹಸಿ ಕಟ್ಟಿಗಿ ತಂದು ಹಾಕೀರಿ. ಹೊಗಿ ಕಣ್ಣಿಗೆ ಬರಲಾರದ ಎಲ್ಲಿ ಹೋಗಬೇಕು?”

ಒಲೆಯಲ್ಲಿ ಹೊಗೆಯ ಸುಳಿವೂ ಇರಲಿಲ್ಲ. ಮಗಳು ರುಕ್ಮಿಣಿ ಹೊರಗಿನ ಕಟ್ಟೆಯ ಮೇಲೆ ಕೂತು, ಯಾವ ಹುಕುಮಿಗೂ ಕಿವಿಗೊಡದೆ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಾಸ್ತರರ ತಾಯಿ ಮಥುರಾಬಾಯಿ ನಡುಮನೆಯಲ್ಲಿ ಜಪದ ಮಣೆಯ ಮೇಲೆ ಕೂತಿದ್ದರು. ಗಂಡ ಹೋದ ಲಾಗಾಯ್ತು ಕೆಂಪು ಸೀರೆ, ಬೋಳು ತಲೆ, ಕಟ್ಟುನಿಟ್ಟಿನ ಮಡಿ. ಬಾದಾಮಿಯಲ್ಲಿ ಮಡಿ ಎಂದರೆ ಮಥುರಾಬಾಯಿಯದು ಎನ್ನುವ ಹಾಗಿತ್ತು.

“ಹೋಗಲಿ ಬಿಡ್ರಿ, ಒಂದು ಮೈಲಿಗಿ ಕಡಿಮಿ ಆತು,” ಎಂದರು ಮಥುರಾಬಾಯಿ.

ಮಧ್ಯಾಹ್ನ ಎಲೆ ಹಾಕಿದಾಗ ಮಾತ್ರ ಅವರು ಏಳಲಿಲ್ಲ.

“ನನಗ ಹಸಿವಿಲ್ಲ. ನಾಳೆ ಹೆಂಗೂ ಏಕಾದಶಿ.”

“ಅಜ್ಜಿ, ಏಕಾದಶಿ ಮೊನ್ನೇ ಆತಲ್ಲ,” ರುಕ್ಮಿಣಿ ಮೂಗು ಒರೆಸಿಕೊಳ್ಳುತ್ತ ಹೇಳಿದಳು. “ನಿನ್ನೆ ತುಳಸಿ ಲಗ್ನ ಮಾಡಿಲ್ಲೇನು?”

“ಅಂದ್ರ ಮುಂದಿನ ಏಕಾದಶಿದು ಈಗ ಮಾಡತೇನಿ. ನಿನಗೇನಾತು?”

ಚೆಂಡ್ಯಾ ಆ ಮನೆಗೆ ಮೇಲಿನಿಂದ ಬಂದ ನಾಯಿ. ಮಾತಿಗೆ ಹೇಳುವುದಲ್ಲ, ನಿಜವಾಗಿ ಮೇಲಿನಿಂದ. ಬಾದಾಮಿಯ ಮಂಗಗಳ ಉಪದ್ವ್ಯಾಪ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ರುಕ್ಮಿಣಿ ಇನ್ನೂ ಪರಕಾರ ಉಡುವ ಸಣ್ಣ ಹುಡುಗಿಯಾಗಿದ್ದ ಕಾಲ. ಒಂದು ಹೆಣ್ಣು ಮಂಗ ಎಲ್ಲಿಂದಲೋ ಆಗಷ್ಟೇ ಕಣ್ಣುಬಿಟ್ಟ ನಾಯಿಮರಿಯೊಂದನ್ನು ಎತ್ತಿ ತಂದು, ಎದುರು ಮಾಳಿಗೆಯ ಅಂಚಿನಲ್ಲಿ ಕೂತು, ತನ್ನ ಕೂಸೇ ಎಂಬಂತೆ ಅದರ ಹೇನು ಆರಿಸುತ್ತಿತ್ತು. ಮರಿ ಜೀವ ಹೋಗುವ ಹಾಗೆ ಕುಂಯ್‌ಗುಡುತ್ತಿತ್ತು. ಓಣಿಯ ಮಂದಿ ಕಲ್ಲು ಹಿಡಿದು ನಿಂತರು. ರುಕ್ಮಿಣಿ ಕಲ್ಲು ಬೀರಗೊಡಲಿಲ್ಲ. ಒಳಗೆ ಓಡಿ ಬೊಗಸೆ ತುಂಬ ಶೇಂಗಾ ತಂದು ಮಾಳಿಗೆಯ ಮೇಲೆ ತೂರಿದಳು. ಶೇಂಗಾ ಬಾಚಿಕೊಳ್ಳಲು ಎರಡೂ ಕೈ ಬೇಕಲ್ಲ. ಮಂಗ ಮರಿಯನ್ನು ಬಿಟ್ಟುಬಿಟ್ಟಿತು. ಕೆಳಗೆ ಅದೇ ಓಣಿಯ ಜಾಫರಸಾಬನ ಟಾಂಗಾದಲ್ಲಿ ಕುದುರೆಗೆಂದು ತಂದ ಹಸಿ ಹುಲ್ಲಿನ ಹೊರೆ ಇತ್ತು. ಮರಿ ಅದರ ಮೇಲೆ ಬಿದ್ದು, ಪುಟಿದು, ರುಕ್ಮಿಣಿಯ ಕಾಲ ಹತ್ತಿರ ಬಂತು.

“ಯಾ ಅಲ್ಲಾ, ಚೆಂಡ ಬಿದ್ದಂಗ ಬಿತ್ತಲ್ಲ!” ಎಂದ ಜಾಫರಸಾಬ. ಹೆಸರು ಅದೇ ನಿಂತಿತು.

ಮಥುರಾಬಾಯಿ ಮೊದಲ ದಿನವೇ ಗಡಿ ಹಾಕಿಕೊಟ್ಟರು. ಹೊಸ್ತಿಲು ದಾಟಕೂಡದು, ಬಾವಿಯ ಕಡೆ ಸುಳಿಯಕೂಡದು, ತಾವು ಮಡಿಯಲ್ಲಿ ಓಡಾಡುವಾಗ ಅಡ್ಡ ಬರಕೂಡದು. ಮಾಸ್ತರರ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ನಾಯಿ ಈ ಪಾಠ ಕಲಿಯಿತು. ಒದ್ದೆ ಸೀರೆಯ ಸಪ್ಪಳ ಕೇಳಿದರೆ ಎದ್ದು ಹೋಗಿ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಮಥುರಾಬಾಯಿ “ಹಚಾ” ಅನ್ನುತ್ತಿದ್ದರು. ಊಟವಾದ ಮೇಲೆ ಕಲಸಿದ ಅನ್ನದ ಉಂಡೆಯನ್ನು, ಎಲ್ಲೂ ಮುಟ್ಟದ ಹಾಗೆ, ಎತ್ತರದಿಂದ ಎಸೆಯುತ್ತಿದ್ದರು. ಎಂಟು ವರ್ಷ ಇಬ್ಬರ ವ್ಯವಹಾರ ಇಷ್ಟೇ. ಮಂಗಗಳ ಜೊತೆಗಿನ ಚೆಂಡ್ಯಾನ ವ್ಯವಹಾರ ಬೇರೆ. ತನ್ನನ್ನು ಎತ್ತಿಕೊಂಡು ಹೋದದ್ದನ್ನು ಅದು ಸಾಯುವತನಕ ಮರೆಯಲಿಲ್ಲ. ಆ ಮನೆಯ ಮಾಳಿಗೆಯ ಮೇಲೆ ಒಣಗಿಸಿದ ಒಂದು ಕಾಳೂ ಮಂಗದ ಬಾಯಿಗೆ ಹೋದದ್ದಿಲ್ಲ.

ಕರ್ನಾಟಕ ಒಂದಾಯಿತೆಂದು ಆ ದೀಪಾವಳಿಯ ಹೊತ್ತಿಗೆ ಸಾಲೆಯಲ್ಲಿ ಪೇಢೆ ಹಂಚಿದ್ದರು. ಮಾಸ್ತರರು ತಮ್ಮ ಪಾಲಿನದನ್ನು ಜೇಬಿನಲ್ಲಿಟ್ಟು ತಂದು ಚೆಂಡ್ಯಾನಿಗೆ ಹಾಕಿದ್ದನ್ನು ರುಕ್ಮಿಣಿ ಕಂಡಿದ್ದಳು. ಅದೇ ನಾಯಿ ಬಾಯಿ ಚಪ್ಪರಿಸಿ ತಿಂದ ಕಡೆಯ ತಿನಿಸು. ಆಮೇಲೆ ನೀರು ಬಿಟ್ಟರೆ ಏನೂ ಸೇರಲಿಲ್ಲ. ತುಳಸಿ ಲಗ್ನದ ಮರುದಿನ ಬೆಳಿಗ್ಗೆ, ಯಾವಾಗಲೂ ಮಲಗುವಲ್ಲೇ ಮಲಗಿ, ಕಣ್ಣು ಮುಚ್ಚಿತು.

ಮಣ್ಣು ಮಾಡುವ ಕೆಲಸ ಜಾಫರಸಾಬ ವಹಿಸಿಕೊಂಡ. ಅವನ ಹೆಂಡತಿ ಲಾಡಬಿ ಒಂದು ಹಳೆಯ ದುಪ್ಪಟಿ ಕೊಟ್ಟಳು. ತನ್ನ ಕುದುರೆ ಕಟ್ಟುವ ಜಾಗದ ಹಿಂದೆ, ಬೇವಿನ ಗಿಡದ ಕೆಳಗೆ ಕುಣಿ ತೋಡಿದ. “ನನಗ ಸಾಲಿಗೆ ಹೊತ್ತಾತು,” ಎಂದು ಮಾಸ್ತರರು ಕೊಡೆ ಹಿಡಿದು ಹೊರಟರು. ಸಂಜೆ ಅವರು ಬಿಚ್ಚಿಟ್ಟ ಧೋತರದ ಅಂಚಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಸಾಲೆಯ ಅಂಗಳದಲ್ಲಿ ಹಾಸಿದ್ದು ಕಲ್ಲು. ಅನಸೂಯಾಬಾಯಿ ಏನೂ ಕೇಳದೆ ಧೋತರ ನೆನೆಹಾಕಿದರು.

ಇನ್ನು ರಂಗೋಲಿಯ ಮಾತು. ಬೆಳಗಾಗೆದ್ದು ಅಂಗಳಕ್ಕೆ ಸೆಗಣಿ ನೀರು ಹೊಡೆದು ರಂಗೋಲಿ ಹಾಕುವುದು ರುಕ್ಮಿಣಿಯ ಕೆಲಸ. ಚೆಂಡ್ಯಾ ಮಲಗುತ್ತಿದ್ದದ್ದು ಮೆಟ್ಟಿಲ ಎಡಕ್ಕೆ, ಸರಿಯಾಗಿ ರಂಗೋಲಿ ಬರಬೇಕಾದಲ್ಲೇ. ಎಬ್ಬಿಸಿದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿತ್ತು. ಕಡೆಗೆ ರುಕ್ಮಿಣಿಯೇ ಸೋತು, ಅದನ್ನು ಸುತ್ತುಬಳಸಿ ಎಳೆ ಎಳೆಯತೊಡಗಿದಳು. ಬಿಸಿಲೇರಿದ ಮೇಲೆ ನಾಯಿ ಎದ್ದು ಹೋದರೆ ರಂಗೋಲಿಯ ನಡುವೆ ಅದರ ಬೆನ್ನು, ಬಾಲ, ಮಡಚಿದ ಕಾಲು, ಎಲ್ಲದರ ಆಕಾರದ ಬಯಲು ಉಳಿಯುತ್ತಿತ್ತು. ಓಣಿಯ ಹುಡುಗಿಯರು ನಗುತ್ತಿದ್ದರು. ಈಗ ನಾಯಿ ಇಲ್ಲ. ಮೊದಲ ದಿನ ಅವಳ ಕೈ ತಾನಾಗಿ ಆ ಜಾಗ ಬಿಟ್ಟು ಎಳೆ ಎಳೆಯಿತು. ಮರುದಿನ ಆ ಜಾಗವನ್ನೂ ತುಂಬಲು ಹೋದಳು, ಕೈ ಬರಲಿಲ್ಲ. ಮೂರನೆಯ ದಿನದಿಂದ ಸೆಗಣಿ ನೀರು ಹೊಡೆದು ಸುಮ್ಮನೆ ಒಳಗೆ ಬರತೊಡಗಿದಳು.

“ರುಕ್ಮಾ, ಬಾಗಲದಾಗ ಒಂದು ಎಳಿ ಎಳದಿಲ್ಲಲ್ಲ,” ಎಂದು ಅನಸೂಯಾಬಾಯಿ ಗೊಣಗಿದರೆ, “ಹಿಟ್ಟು ತೀರೇದವ್ವಾ,” ಅನ್ನುವಳು. ರಂಗೋಲಿ ಪುಡಿಯ ಡಬ್ಬಿ ತುಂಬಿತ್ತು.

ಮಂಗಗಳಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಹೊಲದಿಂದ ಹೊಸ ಶೇಂಗಾ ಬಂದಿತ್ತು. ಮಾಳಿಗೆಯ ಮೇಲೆ ಹರವಿದ್ದರು. ಒಂದು ದೊಡ್ಡ ಗುಂಪು ಬಂದು, ಮದುವೆಯ ಊಟಕ್ಕೆ ಕೂತ ಹಾಗೆ ಸಾಲಾಗಿ ಕೂತು ಸುಲಿದು ತಿಂದಿತು. ಅನಸೂಯಾಬಾಯಿ ಲಟ್ಟಣಿಗೆ ಹಿಡಿದು ಓಡಿದರು. ಮಂಗವೊಂದು ಅವರಿಗೇ ಹಲ್ಲು ಕಿರಿಯಿತು. ಆವತ್ತಿನಿಂದ ಮಥುರಾಬಾಯಿ ಊಟವಾದ ಮೇಲೆ ಕೋಲು ಹಿಡಿದು ಮಾಳಿಗೆ ಹತ್ತಿ ಕಾವಲು ಕೂತರು.

“ಅವ್ವಾ, ಈ ವಯಸ್ಸಿನಾಗ ಮಾಳಿಗಿ ಯಾಕ ಹತ್ತತೀ?” ಮಾಸ್ತರರು ಕೆಳಗಿನಿಂದ ಕೂಗಿದರು.

“ಮತ್ತ್ಯಾರು ಹತ್ತಬೇಕು? ನಿನ್ನ ಸಾಲಿ ಪೋರಗೋಳು ಬರತಾವೇನು? ಆ ಸುಡುಗಾಡ ನಾಯಿ ಇದ್ದಿದ್ರ…” ಎಂದವರು ಮಾತು ನುಂಗಿ, “ಇದ್ದಿದ್ರ ಅಡ್ಡಾಡಿ ಮಾಳಿಗೀನೂ ಮೈಲಿಗಿ ಮಾಡತಿತ್ತು,” ಎಂದು ಕೋಲು ಬಡಿದರು.

ಹೀಗಿರುವಾಗ ಬಾಗಲಕೋಟೆಯಿಂದ ಹೆಣ್ಣು ನೋಡಲು ಬರುವವರಿದ್ದಾರೆಂದು ಗೊತ್ತಾಯಿತು. ಹುಡುಗ ಮಧುಸೂದನ, ಅಲ್ಲಿಯ ಪೋಸ್ಟಿನಲ್ಲಿ ಕಾರಕೂನ. ತಂದೆ ಕೃಷ್ಣಾಜಿರಾಯರು ಸಾಧು ಮನುಷ್ಯ. ಆದರೆ ಮನೆಯಲ್ಲಿ ನಡೆಯುವುದು ಅವರ ಅಕ್ಕ ದ್ವಾರಕಾಬಾಯಿಯ ಮಾತು. ಅವರೂ ಮಡಿ ಹೆಂಗಸು. ರುಕ್ಮಿಣಿಗೆ ಹದಿನೆಂಟು ದಾಟಿತ್ತು. ಹಿಂದಿನ ಎರಡು ಸಂಬಂಧ ಜಾತಕ ಕೂಡದೆ ತಪ್ಪಿದ್ದವು. ಇದು ಕೂಡಿತ್ತು. ಇದು ತಪ್ಪಬಾರದು ಎಂದು ಅನಸೂಯಾಬಾಯಿ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಮಾಸ್ತರರು ಜಾಫರಸಾಬನನ್ನು ಕರೆದು ತಾಕೀತು ಮಾಡಿದರು. ಸ್ಟೇಶನ್ನಿನಿಂದ ಊರಿಗೆ ಬೀಗರನ್ನು ಕರೆತರುವವನು ಅವನೇ.

“ಇಕಾ ನೋಡು, ಆ ಬಾಯಿ ಭಾಳ ಮಡಿ. ನಾಯಿ ಸಾಕಿದ ಮನಿ ಅಂತ ತಿಳದ್ರ ನೀರು ಸುದ್ದಾ ಮುಟ್ಟಾಂಗಿಲ್ಲ. ನಾಯಿ ಮಾತು ತಗೀಬ್ಯಾಡ.”

“ನಾ ಯಾಕ ತಗೀಲ್ರಿ ಮಾಸ್ತರ್ರ? ನನ್ನ ಬಾಯಿಗೆ ಬೀಗ ಹಾಕ್ಕೊಂಡ ಹೋಗತೇನಿ.”

ಬೀಗ ಹಾಕಿಕೊಂಡೇ ಹೋದ. ಆದರೆ ಟಾಂಗಾದಲ್ಲಿ ಕೂತ ದ್ವಾರಕಾಬಾಯಿ, ಎಲ್ಲ ಬೀಗರಂತೆ, “ಮಾಸ್ತರರ ಮನಿ ಮಂದಿ ಹೆಂಗಪ್ಪಾ?” ಎಂದು ಕೇಳಿದರು.

“ಬಂಗಾರದಂಥ ಮಂದಿರಿ ಅಮ್ಮಾರ. ಪಾಪ, ಮೊನ್ನಿ ಅಂಥಾ ದುಃಖ ಒಂದು ಆಗಬಾರದಿತ್ತ್ರಿ…” ಎಂದವನು ನಾಲಿಗೆ ಕಚ್ಚಿಕೊಂಡ.

“ಏನು ದುಃಖ?”

“ಏನಿಲ್ರಿ. ಚಲ್ ಬೇಟಾ!” ಎಂದು ಕುದುರೆಗೆ ಚಾವಟಿ ಬೀಸಿದ. ಆಮೇಲೆ ಮನೆ ಮುಟ್ಟುವತನಕ ಅವನು ತುಟಿ ಪಿಟಕ್ಕೆನ್ನಲಿಲ್ಲ.

ಆ ಮುಂಜಾನೆ ಅನಸೂಯಾಬಾಯಿ ಮಗಳಿಗೆ ರಂಗೋಲಿ ಹಾಕಲು ಹೇಳಿ ಸಜ್ಜಿಗೆ ಹುರಿಯಲು ಹೋಗಿದ್ದರು. ರುಕ್ಮಿಣಿ ಡಬ್ಬಿ ಹಿಡಿದು ಅಂಗಳದಲ್ಲಿ ಕೂತಳು. ಕೂತೇ ಇದ್ದಳು. ಅಷ್ಟರಲ್ಲಿ ಸೀರೆ ಉಡಲು ಒಳಗಿನಿಂದ ಕರೆ ಬಂತು. ಟಾಂಗಾ ನಿಂತಾಗ ದ್ವಾರಕಾಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ಸಾರಿಸಿ ಬಿಟ್ಟ, ಒಂದು ಎಳೆಯೂ ಇಲ್ಲದ ಅಂಗಳ. ಶ್ರಾದ್ಧವಿದ್ದರೆ, ಇಲ್ಲವೇ ಸೂತಕವಿದ್ದರೆ ಮಾತ್ರ ಬಾಗಿಲು ಹಾಗೆ ಬರಿದಾಗಿರುವುದು. ಹೆಣ್ಣು ತೋರಿಸುವ ದಿನ ಯಾರೂ ಶ್ರಾದ್ಧ ಇಟ್ಟುಕೊಳ್ಳುವುದಿಲ್ಲ.

ಎಲ್ಲರೂ ಜಮಖಾನೆಯ ಮೇಲೆ ಕೂತರು.

“ಮನ್ಯಾಗ ಎಲ್ಲಾರೂ ಕ್ಷೇಮ ಅಲ್ರಿ?” ದ್ವಾರಕಾಬಾಯಿ ಕೇಳಿದರು.

“ಕ್ಷೇಮ! ಎಲ್ಲಾರೂ ಕ್ಷೇಮ!” ಮಾಸ್ತರರ ದನಿ ಬೇಕಾದದ್ದಕ್ಕಿಂತ ದೊಡ್ಡದಾಯಿತು.

“ಅಣ್ಣ ತಮ್ಮಂದಿರು, ದಾಯಾದಿಗಳು?”

“ಎಲ್ಲಾರೂ ಆರಾಮ ಇದ್ದಾರ.”

ಅಷ್ಟರಲ್ಲಿ ರುಕ್ಮಿಣಿ ಇಳಕಲ್ ಸೀರೆ ಉಟ್ಟು ಬಂದು ನಮಸ್ಕರಿಸಿದಳು. ದ್ವಾರಕಾಬಾಯಿ ಅವಳ ಮುಖ ನೋಡಿದರು.

“ಹುಡುಗಿ ಕಣ್ಣು ಯಾಕ ಹಿಂಗ ಬಾತಾವ?”

“ಹೊಗಿ,” ಎಂದರು ಅನಸೂಯಾಬಾಯಿ.

“ನೆಗಡಿ,” ಎಂದರು ಮಾಸ್ತರರು.

ಎರಡೂ ಒಟ್ಟಿಗೇ ಬಂದವು. ಕೃಷ್ಣಾಜಿರಾಯರು ಕೆಮ್ಮಿದರು.

ಇದೇ ಹೊತ್ತಿಗೆ ಅಂಗಳದಲ್ಲಿ ಒಂದು ಮಂಗ ಇಳಿದು, ಮೆಟ್ಟಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಪರೀಕ್ಷೆ ಮಾಡಿ, ಮಧುಸೂದನನ ಒಂದು ಚಪ್ಪಲಿ ಎತ್ತಿಕೊಂಡು ಮಾಳಿಗೆ ಏರಿತು. ಬಾಗಿಲಿಗೆದುರಾಗಿ ಕೂತ ಮಧುಸೂದನ ಅದನ್ನು ಕಂಡ; ಎದ್ದು ಕೂಗುವ ಬದಲು ನಕ್ಕುಬಿಟ್ಟ. ತಲೆತಗ್ಗಿಸಿ ನಿಂತ ರುಕ್ಮಿಣಿ ಅವನು ನೋಡಿದತ್ತ ನೋಡಿದಳು. ಮಂಗ ಚಪ್ಪಲಿಯನ್ನು ಮೂಸಿ ಮುಖ ಸಿಂಡರಿಸಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಇಬ್ಬರ ನಗೆಯೂ ದೊಡ್ಡವರಿಗೆ ಕಾಣಲಿಲ್ಲ. ಈ ಹುಡುಗ ಆದೀತು ಎಂದು ರುಕ್ಮಿಣಿ ಅಲ್ಲಿಯೇ ಮನಸ್ಸಿನಲ್ಲಿ ಒಪ್ಪಿಕೊಂಡಳು.

ಮಥುರಾಬಾಯಿ ತಾವೇ ಮಡಿಯಲ್ಲಿ ಬಾವಿಯಿಂದ ಸೇದಿದ ನೀರನ್ನು ತಾಮ್ರದ ತಂಬಿಗೆಯಲ್ಲಿ ತಂದು ದ್ವಾರಕಾಬಾಯಿಯ ಮುಂದಿಟ್ಟರು. ಮಡಿಯವರು ಕಂಡಕಂಡವರ ನೀರು ಕುಡಿಯರು. ಅದಕ್ಕೆಂದೇ ಈ ಏರ್ಪಾಡು.

“ಬ್ಯಾಡ್ರಿ,” ಎಂದರು ದ್ವಾರಕಾಬಾಯಿ.

“ಮಡಿ ನೀರ್ರಿ. ನಾನೇ ಸೇದೇನಿ.”

“ಇರಲಿ, ಬ್ಯಾಡ. ಕೃಷ್ಣಾಜಿ, ಏಳು. ಗಾಡಿ ಹೊತ್ತಾತು.”

ಗಾಡಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬಿಸಿ ಸಜ್ಜಿಗೆಯ ತಾಟುಗಳನ್ನು ಹಿಡಿದು ಅನಸೂಯಾಬಾಯಿ ನಡುಬಾಗಿಲಲ್ಲೇ ನಿಂತರು. ಮಧುಸೂದನ ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಹಿಂದೆ ಹಿಂದೆ ನೋಡುತ್ತ ಟಾಂಗಾ ಹತ್ತಿದ. ಅವರು ಕಣ್ಮರೆಯಾದ ಮೇಲೆ ಮಂಗ ಚಪ್ಪಲಿಯನ್ನು ಅಂಗಳಕ್ಕೆ ಬಿಸಾಕಿತು. ರುಕ್ಮಿಣಿ ಅದನ್ನೆತ್ತಿ ಧೂಳು ಒರೆಸಿ ಜಂತಿಯ ಸಂದಿಯಲ್ಲಿಟ್ಟಳು.

ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ಅರಿವೆ ಅಂಗಡಿಯ ಅಂದಪ್ಪ ಮಾಲು ತರಲು ಬಾಗಲಕೋಟೆಗೆ ಹೋಗಿ ಬಂದವನು, ಪೇಟೆಯಲ್ಲಿ ಮಾಸ್ತರರನ್ನು ನಿಲ್ಲಿಸಿ ದನಿ ತಗ್ಗಿಸಿ ಕೇಳಿದ: “ನಿಮ್ಮ ಮನ್ಯಾಗ ಯಾರು ತೀರಿಕೊಂಡ್ರ್ರಿ ಮಾಸ್ತರ್ರ? ಸೂತಕ ಮುಚ್ಚಿಟ್ಟು ಹೆಣ್ಣು ತೋರ್ಸಿದ್ರು ಅಂತ ಅಲ್ಲೆ ಮಾತಾಡಾಕತ್ತಾರ.”

ಮಾಸ್ತರರು ಮನೆಗೆ ಬಂದು ಕೊಡೆಯನ್ನು ಮೂಲೆಗೆ ಒಗೆದರು.

“ಸೂತಕ ಮುಚ್ಚಿದ ಮನಿತನ ಅಂತ! ನಮ್ಮ ಅಪ್ಪ, ಅವರ ಅಪ್ಪ, ಯಾರಾದ್ರೂ ಹಿಂಗ ಅನಿಸಿಕೊಂಡಿದ್ರೇನು? ಬಾಗಲಕ್ಕ ರಂಗೋಲಿ ಯಾಕ ಹಾಕಲಿಲ್ಲ ನೀ?”

ರುಕ್ಮಿಣಿ ಮೂಲೆಗೆ ಬಿದ್ದ ಕೊಡೆಯನ್ನು ಎತ್ತಿ ಗೂಟಕ್ಕೆ ಹಾಕಿದಳು.

“ಕೂಸಿಗೆ ಯಾಕ ಬೈತೀರಿ?” ಅನಸೂಯಾಬಾಯಿ ಲಟ್ಟಿಸುತ್ತಿದ್ದ ಚಪಾತಿ ಬಿಟ್ಟು ಬಂದರು. “ನಾಯಿ ಮಾತು ಮುಚ್ಚಿಡ್ರಿ ಅಂದವರು ಯಾರು? ನೆಗಡಿ ಅಂದವರು ಯಾರು?”

“ಹೊಗಿ ಅಂದವರು ಯಾರು?”

“ಈಗ ಹೋಗಿ ಖರೆ ಹೇಳಿ ಬರ್ರಿ. ಮುಗೀತಲ್ಲ.”

“ಏನಂತ ಹೇಳ್ಲಿ? ಸೂತಕ ಅಲ್ರಿ, ನಾವು ನಾಯಿ ಸಲುವಾಗಿ ಮನಿಮಂದೆಲ್ಲಾ ಅತ್ತೇವಿ ಅಂತ ಹೇಳ್ಲೇನು? ಊರ ಮಂದಿ ನಗತಾರ. ಸಾಲಿ ಹುಡುಗೂರು ನಗತಾವ.”

“ನಗಲಿ,” ಎಂದಳು ರುಕ್ಮಿಣಿ. ಅವಳು ಬಾಯಿ ತೆರೆದದ್ದೇ ಆಗ. “ಅವರು ಬ್ಯಾಡ ಅಂದ್ರ ಅನ್ನಲಿ ಅಪ್ಪಾ. ಆದ್ರ ಚೆಂಡ್ಯಾ ನಮ್ಮ ಮನ್ಯಾಗ ಇರಲೇ ಇಲ್ಲ ಅಂತ ಮಾಡಿ ಹೋಗಾಕಿ ನಾ ಅಲ್ಲ.”

ಆ ರಾತ್ರಿಯ ಚಪಾತಿ ಅರ್ಧಕ್ಕರ್ಧ ಹೊತ್ತಿದವು. ಯಾರೂ ತಕರಾರು ಮಾಡದೆ ತಿಂದರು.

ಮಥುರಾಬಾಯಿ ಈ ಜಗಳದಲ್ಲಿ ಬಾಯಿ ಹಾಕಿರಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದು, “ಪಂಢರೀ, ಇವತ್ತು ಸಾಲಿಗೆ ರಜಾ ಹಾಕು. ಬಾಗಲಕೋಟಿಗೆ ಹೋಗೂದದ,” ಎಂದರು.

“ನೀನ? ಗಾಡ್ಯಾಗ? ಅಲ್ಲೆ ಸಾವಿರ ಮಂದಿ ಮುಟ್ಟತಾರ!”

“ಮುಟ್ಟಲಿ. ನನ್ನ ಮಡಿ ನೀರು ಬ್ಯಾಡ ಅಂದಾಳ ಆಕಿ. ಆ ಚಪ್ಪಲೀನೂ ತಗೋ. ಕೊಟ್ಟು ಬರೂಣು.”

ರುಕ್ಮಿಣಿ ಚಪ್ಪಲಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟಳು. ಜಾಫರಸಾಬ ದಾರಿಯುದ್ದಕ್ಕೂ ಕಿವಿ ಹಿಡಿದುಕೊಂಡೇ ಟಾಂಗಾ ಹೊಡೆದ. “ಎಲ್ಲಾ ನನ್ನಿಂದ ಆತ್ರಿ ಅಮ್ಮಾರ. ಬೀಗ ಹಾಕಿದ್ದೆ, ಕೀಲಿ ಕೈಯಾಗ ಇಟ್ಟಿದ್ದೆ.”

“ನೀ ಖರೆನೇ ಹೇಳೀದಿ. ಸುಮ್ನ ಹೊಡಿ,” ಎಂದರು ಮಥುರಾಬಾಯಿ.

ಗಾಡಿಯಲ್ಲಿ ಕಿಟಕಿಯ ಪಕ್ಕ ಮೈ ಹಿಡಿಮಾಡಿ ಕೂತು, ಹನಿ ನೀರೂ ಮುಟ್ಟದೆ ಬಾಗಲಕೋಟೆ ತಲುಪಿದರು. ಕೃಷ್ಣಾಜಿರಾಯರ ಮನೆ ಕಿಲ್ಲಾದ ಸಣ್ಣ ಓಣಿಯಲ್ಲಿತ್ತು. ದ್ವಾರಕಾಬಾಯಿ ಬಾಗಿಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮಥುರಾಬಾಯಿ ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತರು.

“ಒಳಗ ಬರೂದಿಲ್ಲ. ಸೂತಕದ ಮಂದಿ ಅಂತ ನೀವೇ ಅಂದೀರಿ. ಹುಡುಗನ ಚಪ್ಪಲಿ ಉಳದಿತ್ತು, ತಂದೇವಿ. ಇನ್ನೊಂದು ಮಾತು. ನಮ್ಮ ಮನ್ಯಾಗ ಸೂತಕ ಇರಲಿಲ್ಲ.”

ದ್ವಾರಕಾಬಾಯಿ ಅವರೆಕಾಯಿಯ ಬುಟ್ಟಿ ಸರಿಸಿದರು. “ಮತ್ತ ಬಾಗಲಾ ಯಾಕ ಬರಿದಿತ್ತು? ಆ ಟಾಂಗಾದಾಂವ ದುಃಖ ಆಗೇದ ಅಂದ. ಹುಡುಗಿ ಅತ್ತಿದ್ಲು. ನೀವು ಹಿರೇರು, ನೀವು ಸುದ್ದಾ ಸೊರಗಿದ್ರಿ. ಯಾರು ಹೋಗಿದ್ರು?”

“ನಾಯಿ.”

ಬಾಗಿಲಲ್ಲಿ ಬಂದು ನಿಂತ ಕೃಷ್ಣಾಜಿರಾಯರು ಪಕ್ಕದಲ್ಲಿದ್ದ ಮಧುಸೂದನನ ಮುಖ ನೋಡಿದರು. ಮಾಸ್ತರರು ನೆಲ ನೋಡಿದರು.

“ನಾಯಿ?” ದ್ವಾರಕಾಬಾಯಿ ಕೇಳಿದರು. “ನಾಯಿಗೆ ಯಾರರೆ ರಂಗೋಲಿ ಬಿಡತಾರೇನು?”

“ಬಿಡೂದಿಲ್ಲ. ಶಾಸ್ತ್ರದಾಗ ಇಲ್ಲ, ನನಗೂ ಗೊತ್ತದ. ಅದು ಮಲಗೂ ಜಾಗಾ ಬಿಟ್ಟು ರಂಗೋಲಿ ಹಾಕತಿತ್ತು ನಮ್ಮ ಕೂಸು. ಈಗ ಆ ಜಾಗಾದಾಗ ಕೈ ಆಡಿಸಲಿಕ್ಕೆ ಆಕಿಗೆ ಆಗವಲ್ದು. ಇಷ್ಟೇ ಖರೆ. ನನ್ನ ಮಗಾ ನಾಚಿಕೊಂಡು ಮುಚ್ಚಿಟ್ಟ. ಅಂವಾ ಕೊಡಿ ಹಿಡಕೊಂಡು ಸಾಲಿಗೆ ಹೋಗತೇನಂತ ಹೇಳಿ, ಅದಕ್ಕ ಮಣ್ಣು ಹಾಕಿ ಬಂದಾಂವ.”

“ಅವ್ವಾ!” ಎಂದರು ಮಾಸ್ತರರು.

“ಸುಮ್ಮನಿರು. ಎಲ್ಲಾ ಹೇಳೇ ಹೋಗತೇನಿ.” ಮಥುರಾಬಾಯಿ ತಲೆಯ ಮೇಲಿನ ಸೆರಗು ಎಳೆದುಕೊಂಡರು. “ನಾನು ಎಂಟು ವರ್ಷ ಅದಕ್ಕ ಹಚಾ ಹಚಾ ಅಂದೆ. ನಾ ಬಂದ್ರ ಗ್ವಾಡಿಗೆ ಒತ್ತಿ ನಿಲ್ಲತಿತ್ತು. ಸಾಯೂ ದಿನ ಮುಂಜಾನೆ ನಾ ಬಾವಿಯಿಂದ ನೀರು ತಗೊಂಡು ಬರಲಿಕ್ಕತ್ತಿದ್ದೆ. ಏಳಲಿಕ್ಕೆ ನೋಡಿತು. ಅಷ್ಟು ಸಂಕಟದಾಗ ಸುದ್ದಾ, ನನ್ನ ಮಡಿ ಕೆಡಬಾರದಂತ ಏಳಲಿಕ್ಕೆ ನೋಡಿತು. ಕಾಲು ನಿಲ್ಲಲಿಲ್ಲ. ತಲಿ ಎತ್ತಿ ನನ್ನ ಮಾರಿ ನೋಡಿತು. ಒಂದು ಸಲ ತಲಿ ಮ್ಯಾಲೆ ಕೈ ಇಡಬೇಕು ಅನಸ್ತು. ಕೈಯಾಗ ಮಡಿ ನೀರಿತ್ತು. ಮುಟ್ಟಲಿಲ್ಲ. ನಾ ತಿರುಗಿ ಬರೂದರಾಗ ಮುಗದಿತ್ತು.”

ತಮ್ಮ ತಾಯಿಗೆ ಇಷ್ಟು ದಿನ ಹಸಿವು ಯಾಕೆ ಇರಲಿಲ್ಲವೆಂದು ಮಾಸ್ತರರಿಗೆ ಈಗ ತಿಳಿಯಿತು. ಹುಕುಂ ಹೊರಡಿಸಿದ ತಮ್ಮ ಮೇಲೆಯೇ ಅವರಿಗೆ ಸಿಟ್ಟು ಬಂತು; ಹುಕುಮನ್ನೂ ಮರೆತು ಮೇಲುಹೊದಿಕೆಯಿಂದ ಕಣ್ಣೊರೆಸಿಕೊಂಡರು.

ದ್ವಾರಕಾಬಾಯಿ ಮಥುರಾಬಾಯಿಯನ್ನು ನೋಡಿದರು. ತಮ್ಮ ಹಾಗೆಯೇ ಕೆಂಪು ಸೀರೆ, ತಮ್ಮ ಹಾಗೆಯೇ ಬೋಳು ತಲೆ. ಆಮೇಲೆ ಬೈಯುವ ದನಿಯಲ್ಲೇ ಹೇಳಿದರು:

“ಮುಟ್ಟಬೇಕಾಗಿತ್ತು ನೀವು. ಮೈಲಿಗಿ ಏನದ, ಒಂದು ತಂಬಿಗಿ ತಣ್ಣೀರು ಹಾಕ್ಕೊಂಡಿದ್ರ ಹೋಗತಿತ್ತು.”

“ಹೌದು,” ಎಂದರು ಮಥುರಾಬಾಯಿ. “ಹೋಗತಿತ್ತು.”

“ಒಳಗ ಬರ್ರಿ. ಬಿಸಲಾಗ ಎಷ್ಟೊತ್ತು ನಿಲ್ಲತೀರಿ? ಮಧೂ, ನಿನ್ನ ಚಪ್ಪಲಿ ತಗೋ. ಹಲ್ಲು ಕಿಸೀಬ್ಯಾಡ. ಒಂಟಿ ಚಪ್ಪಲಿ ಇಟಗೊಂಡು ಇಷ್ಟು ದಿನಾ ಯಾರ ಧ್ಯಾನಾ ಮಾಡಿದೆಪ್ಪಾ?”

ಮಧುಸೂದನ ಪಂಚೆಯ ಗಂಟು ಬಿಚ್ಚಿದ. ಚಪ್ಪಲಿ ಒರೆಸಿ ಎಣ್ಣೆ ಹಚ್ಚಿತ್ತು. ಕಿತ್ತ ಉಂಗುಟವನ್ನು ಯಾರೋ ಅಚ್ಚುಕಟ್ಟಾಗಿ ಹೊಲಿದಿದ್ದರು. ಅವನು ಕಿವಿ ಕೆಂಪಗಾಗಿ ಒಳಗೆ ಹೋದ.

ಅಂದು ಸಂಜೆ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಮಥುರಾಬಾಯಿ ಎಲೆಯ ಮುಂದೆ ಕೂತು ಹೊಟ್ಟೆ ತುಂಬ ಉಂಡರು. ಬದನೆಕಾಯಿ ಪಲ್ಯವನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಂಡರು. “ಉಪ್ಪು ಒಂಚೂರು ಮುಂದ ಆಗೇದ,” ಎಂದು ಸೊಸೆಗೆ ಹೇಳಿದರು. ಅತ್ತೆ ಅಡುಗೆಯಲ್ಲಿ ತಪ್ಪು ಹುಡುಕಿದ್ದಕ್ಕೆ ಅನಸೂಯಾಬಾಯಿಗೆ ಎಂದೂ ಅಷ್ಟು ಖುಷಿಯಾಗಿರಲಿಲ್ಲ. ಉಂಡ ಮೇಲೆ ಮಥುರಾಬಾಯಿ ಅನ್ನದ ಉಂಡೆ ಕಟ್ಟಿ, ಓಣಿಯ ಒಂದು ಕರಿಯ ನಾಯಿಗೆ ಹಾಕಿದರು. ಎಸೆಯಲಿಲ್ಲ, ಬಗ್ಗಿ ನೆಲದ ಮೇಲಿಟ್ಟರು.

ಧನುರ್ಮಾಸದಲ್ಲಿ ಮದುವೆಯ ಮಾತು ಆಡುವ ಹಾಗಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಿಶ್ಚಯಕ್ಕೆ ಬರುತ್ತೇವೆಂದು ಬಾಗಲಕೋಟೆಯಿಂದ ಹೇಳಿಕಳಿಸಿದರು. ಮನೆಗೆ ಸುಣ್ಣ ಬಳಿದರು. ಎಳ್ಳು ಹುರಿದರು, ಸಜ್ಜೆ ರೊಟ್ಟಿ ತಟ್ಟಿದರು. ಮಂಗಗಳ ಕಾಟ ನಡೆದೇ ಇತ್ತು. ಮಾಸ್ತರರು ಸಾಲೆಯಿಂದ ಬಂದು ಅಂಗಿ ಕಳಚುವ ಮೊದಲೇ ಕೋಲು ಹಿಡಿದು ಮಾಳಿಗೆ ಹತ್ತುವುದು ರೂಢಿಯಾಯಿತು. ಅಲ್ಲಿಂದ ಬೇವಿನ ಗಿಡ ಕಾಣುತ್ತಿತ್ತು. ಅವರು ಅಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೂಡುತ್ತಾರೆಂದು ಅನಸೂಯಾಬಾಯಿಗೆ ಗೊತ್ತಿತ್ತು. ಚಹಾ ಮಾಡಿ ಮೇಲೇ ಕಳಿಸುತ್ತಿದ್ದರು.

ನಿಶ್ಚಯದ ದಿನ ರುಕ್ಮಿಣಿ ಎಲ್ಲರಿಗಿಂತ ಮೊದಲು ಎದ್ದಳು. ಅಂಗಳ ಸಾರಿಸಿ, ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಂಥ ದೊಡ್ಡ ರಂಗೋಲಿಗೆ ಚುಕ್ಕೆ ಇಟ್ಟಳು. ಮೆಟ್ಟಿಲ ಎಡಕ್ಕೆ ಬಂದಾಗ ಕೈ ನಿಲ್ಲಲಿಲ್ಲ. ಎಳೆಗಳನ್ನು ಬಾಗಿಸಿ, ಬೆನ್ನಿನ ಸುತ್ತ ತಂದು, ಬಾಲದ ಹತ್ತಿರ ತಿರುವಿ, ಆ ಜಾಗವನ್ನು ಹಾಗೆಯೇ ಬಿಟ್ಟು ರಂಗೋಲಿ ಮುಗಿಸಿದಳು. ಮಾಸ್ತರರು ಹೊರಗೆ ಬಂದು ನೋಡಿದರು. ಹುಕುಂ ಹೊರಡಿಸಲು ಬಾಯಿ ತೆರೆದವರು, “ಅರಿಶಿಣಾ ಕುಂಕುಮಾನೂ ಹಾಕು. ಚಂದ ಕಾಣತದ,” ಎಂದು ಒಳಗೆ ಹೋದರು.

ಜಾಫರಸಾಬನ ಟಾಂಗಾ ಬಂದು ನಿಂತಿತು. ಕೃಷ್ಣಾಜಿರಾಯರು ಮೊದಲು ಇಳಿದರು. ಅಂಗಳ ತುಂಬ ರಂಗೋಲಿ. ತುಳಿದು ಕೆಡಿಸಬಾರದೆಂದು ಅತ್ತಿತ್ತ ನೋಡಿ, ಮೆಟ್ಟಿಲ ಪಕ್ಕದ ಆ ಬಯಲಿಗೆ ಕಾಲು ಚಾಚಿದರು.

“ಕೃಷ್ಣಾಜಿ!” ಹಿಂದಿನಿಂದ ದ್ವಾರಕಾಬಾಯಿಯ ದನಿ ಬಂತು. “ಅಲ್ಲೆ ಕಾಲಿಡಬ್ಯಾಡ. ಅದು ನಾಯೀದು.”

ರಾಯರು ಚಾಚಿದ ಕಾಲು ಹಿಂದಕ್ಕೆ ತೆಗೆದರು. ದ್ವಾರಕಾಬಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು, ಆ ಜಾಗವನ್ನು ಸುತ್ತುಬಳಸಿ, ಗೋಡೆಗೆ ಒತ್ತಿ ನಡೆದು ಬಂದು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಮಥುರಾಬಾಯಿ ತಾಮ್ರದ ತಂಬಿಗೆ ಹಿಡಿದು ನಿಂತಿದ್ದರು.

“ನೀವೇ ಸೇದಿದ್ದಲ್ರಿ?” ಎಂದು ಕೇಳಿ, ದ್ವಾರಕಾಬಾಯಿ ನಿಂತಲ್ಲೇ ತಂಬಿಗೆ ಎತ್ತಿ ಗಟಗಟ ಕುಡಿದರು.